ತಟ್ಟದ ಸೇರು

ಆ ಭಾನುವಾರ ಕುಸುಮಳಿಗೆ ಇಬ್ಬರ ಮೇಲೆ ಕೆಟ್ಟ ಕೋಪ. ಒಂದು ಲ್ಯಾಪ್‌ಟಾಪು, ಇನ್ನೊಂದು ಅವ್ವ.

ಅಗರದಿಂದ ದಿನಾ ಬಸ್ಸು ಹತ್ತಿ ಕೊಳ್ಳೇಗಾಲದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾ, ಆರು ವರ್ಷದಿಂದ ಪಿಎಚ್.ಡಿ.ಗೆ ಹೆಣಗುತ್ತಿದ್ದವಳು ಅವಳು. ಅಕ್ಕಿಯಾಕಾರದ ಸಾವಿರಾರು ಕಾಳುಗಳನ್ನು ಕಂಪ್ಯೂಟರಿನೊಳಗೇ ಒಂದು ಪಾತ್ರೆಗೆ ಅಡ್ಡಾದಿಡ್ಡಿ ಸುರಿಸಿ, ಕಾಳು ಎಷ್ಟು ಜಾಗ ಹಿಡಿಯಿತು, ಸಂದು ಎಷ್ಟು ಉಳಿಯಿತು ಎಂದು ನೋಡುವುದು ಅವಳ ಸಂಶೋಧನೆ. ಕಾಳು ಹಿಡಿಯುವ ಜಾಗ ನೂರಕ್ಕೆ ಅರವತ್ತು ಪಾಲು ಅನ್ನುತ್ತಿತ್ತು ಕಂಪ್ಯೂಟರು. ಮನೆಯ ಸೇರಿನಲ್ಲಿ ನಿಜವಾದ ಅಕ್ಕಿ ಅಳೆದು ತೂಗಿದರೆ ಅರವತ್ತಾರು. ಮೂರು ತಿಂಗಳು ಪ್ರೋಗ್ರಾಮನ್ನು ಸಾಲುಸಾಲಾಗಿ ತಡಕಿ ತಲೆ ಚಿಟ್ಟು ಹಿಡಿದಿತ್ತು. ಸೋಮವಾರದೊಳಗೆ ಎರಡೂ ತಾಳೆಯಾಗದಿದ್ದರೆ ಆ ಅಧ್ಯಾಯವನ್ನೇ ಕಿತ್ತುಹಾಕಿ ಎಂದಿದ್ದರು ಗೈಡು. ಕಿತ್ತರೆ ಇನ್ನೆರಡು ವರ್ಷ ಮಣ್ಣುಪಾಲು.

ಅವತ್ತು ಬೆಳಿಗ್ಗೆ ಕಣ್ಣಿಗೆ ಬಿತ್ತು. ಅಕ್ಕಿ ಅಳೆಯುವುದು ಅವ್ವ ಶಿವರತ್ನಮ್ಮನ ಕೆಲಸ. ಸೇರು ತುಂಬಿದೊಡನೆ ಅಂಗೈಯಿಂದ ಎರಡು ಸಲ ತಟ್ಟುತ್ತಾಳೆ, ಅಕ್ಕಿ ಕುಸಿಯುತ್ತದೆ, ಮೇಲೆ ಇನ್ನಷ್ಟು ಸುರಿಯುತ್ತಾಳೆ. ಕಂಪ್ಯೂಟರಿನ ಪಾತ್ರೆಯನ್ನು ಯಾರು ತಟ್ಟಿದ್ದರು?

"ತಟ್ಬ್ಯಾಡ ಕಣವ್ವೋ!"

"ತಟ್ದೆ ಅಳುದ್ರೆ ಅದೂ ಒಂದ್ ಅಳ್ತೆನಾ ಕೂಸೇ? ಇಸ್ಕಂಡೋರು ಏನಂದಾರು?"

"ಇಸ್ಕೊಳ್ಳೋರು ಯಾರೂ ಇಲ್ಲ. ಸುಮ್ನೆ ಸುರಿ."

"ಆಯ್ತು" ಎಂದಳು ಅವ್ವ. ಒಂದು ಅನ್ನುವ ಬದಲು "ಲಾಭ" ಎಂದು ಮೊದಲ ಸೇರು ಸುರಿದಳು, ತಟ್ಟಿದಳು. "ಎಲ್ಡು" ಎಂದಳು, ತಟ್ಟಿದಳು. ಐದು ಸಲ ಬೇಡಿಕೊಂಡರೆ ಐದು ಸಲವೂ ತಟ್ಟಿದಳು.

"ಬುಡು, ನಾನೇ ಅಳಿತೀನಿ" ಎಂದು ರೇಗಿದ ಕುಸುಮ, ಗೈಡಿಗೆ ತೋರಿಸಲು ಫೋನಿನಲ್ಲಿ ವಿಡಿಯೊ ಹಾಕಿಟ್ಟು ತಾನೇ ಅಳೆದಳು. ತೂಗಿದಳು. ಹಾಳಾದ್ದು, ಮತ್ತೆ ಅರವತ್ತಾರು! ಲ್ಯಾಪ್‌ಟಾಪನ್ನು ಬೀದಿಗೆ ಎಸೆಯುವಷ್ಟು ಸಿಟ್ಟು ಬಂತು.

ಪಕ್ಕದಲ್ಲಿ ಕೂತು ವಿಡಿಯೊ ನೋಡುತ್ತಿದ್ದ ಅವ್ವ ಕಿಸಕ್ಕನೆ ನಕ್ಕಳು. "ನೋಡ್ಕೊ, ನಿನ್ ಕೈಯ."

ಕುಸುಮಳ ಎಡಗೈ ಸೇರನ್ನು ತಟ್ಟುತ್ತಿತ್ತು. ಅವಳಿಗೇ ಗೊತ್ತಿಲ್ಲದೆ, ಎರಡೇ ಸಲ.

ಕೊನೆಗೆ ಅವ್ವ ಆ ಎಡಗೈಯನ್ನು ಬಿಗಿಯಾಗಿ ಹಿಡಿದು ಕೂತಳು. ಕುಸುಮ ಬಲಗೈಯಲ್ಲೇ ಸುರಿದು, ಸೇರಿನ ಬಾಯಿ ಸವರಿ, ತೂಗಿದಳು. ಅರವತ್ತು. ಅಧ್ಯಾಯ ಉಳಿಯಿತು. ಮೂರು ತಿಂಗಳ ಸಿಟ್ಟೆಲ್ಲ ಒಟ್ಟಿಗೆ ಬಂದು ಅವಳಿಗೆ ಅಳುವೇ ಬಂದುಬಿಟ್ಟಿತು.

ಅವ್ವನ ಕಣ್ಣು ಮಾತ್ರ ಸೇರಿನ ಮೇಲೇ ಇತ್ತು. "ನಿನ್ ಓದ್ಗೆ ಇದಾಗ್ಲಿ ಕೂಸೇ. ಯಾರ್ಗಾರ ಹಿಂಗ್ ಅಳ್ದು ಕೊಟ್ಬುಟ್ಟೀಯ, ಜ್ವಾಕೆ" ಎಂದು ಮಗಳ ಕೈ ಬಿಟ್ಟು, ಸೇರನ್ನು ಎರಡು ಸಲ ತಟ್ಟಿ, ಮೇಲೊಂದು ಹಿಡಿ ಹಾಕಿದಳು.