ಬೇವಿನ ಬೀಜ ಕಡಿಯುತ್ತಿದ್ದ ಖಾಜಾಸಾಬರು

ಜಗಳೂರಿನ ಖಾಜಾಸಾಬರ ಕಸುಬು ಪಾತ್ರೆಗಳಿಗೆ ಕಲಾಯಿ ಹಾಕುವುದು. ಹೆಸರು ತಂದುಕೊಟ್ಟದ್ದು ಮಾತ್ರ ಅವರ ಹಲ್ಲು. ಬೇವಿನ ಬೀಜವೊಂದನ್ನು ಕಡಿದು, ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಒಣಗಿದ್ದು ಟಕ್ಕೆಂದು ಸಿಡಿಯುತ್ತದೆ. ಹಸಿಯದು ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಕೊಳ್ಳುವವರಾಗಲಿ ಮಾರುವವರಾಗಲಿ ಅವರ ಮಾತಿಗೆ ಎದುರಾಡಿದ್ದಿಲ್ಲ.

ಎಪ್ಪತ್ತೆಂಟನೇ ಇಸವಿಯಲ್ಲಿ ವಿದೇಶಿ ಸಾಬೂನು ಕಂಪನಿಯೊಂದು ಅಲ್ಲಿ ಬೀಜ ಖರೀದಿಗೆ ಮಳಿಗೆ ತೆರೆದು, ಖಾಜಾಸಾಬರಿಗೆ ಕುರ್ಚಿ ಹಾಕಿ ಕೂರಿಸಿತು. ಎರಡು ವರ್ಷ ಎಲ್ಲ ನೆಟ್ಟಗಿತ್ತು. ಮೂರನೆಯ ವರ್ಷ ಚನ್ನಗಿರಿಯಿಂದ ಬಂದ ಮ್ಯಾನೇಜರ್ ವಿರೂಪಾಕ್ಷಪ್ಪ, ಮೂರು ಚೀಲಕ್ಕೊಂದನ್ನು ಹಸಿ ಅನ್ನಬೇಕೆಂದು ಮೆಲ್ಲಗೆ ತಿಳಿಸಿದ. ಹಸಿಯದಕ್ಕೆ ಅರ್ಧ ದರ. ಕಂಪನಿಯ ಪುಸ್ತಕದಲ್ಲಿ ಅದೇ ಬೀಜ ಒಣಗಿದ್ದೆಂದು ಏರುತ್ತಿತ್ತು. ಮಿಕ್ಕರ್ಧ ಅವನ ಜೇಬಿಗೆ.

"ನಿಮ್ಮ ಬಾಯೊಳಗೆ ಇಣುಕಿ ನೋಡಾಕೆ ಯಾರು ಬರ್ತಾರ್ರೀ ಸಾಬ್ರೆ?" ಎಂದು ನಕ್ಕ.

ಕುರ್ಚಿ ಬಿಟ್ಟೇಳುವ ಮನಸ್ಸಾಗಲಿಲ್ಲ. ಖಾಜಾಸಾಬರು ಹಸಿ ಅನ್ನತೊಡಗಿದರು.

ಹಸಿ ಅನ್ನಿಸಿಕೊಂಡವರೆಲ್ಲ ಬೈದುಕೊಳ್ಳುತ್ತಲೇ ಅರ್ಧ ದರಕ್ಕೆ ಕೊಟ್ಟು ಹೋದರು. ಮರದಡಿ ಒಂದೊಂದೇ ಹಣ್ಣು ಆಯ್ದು ಬೀಜ ಕೂಡಿಸುವ ರುದ್ರಾಣಿ ಮಾತ್ರ ಚೀಲವನ್ನು ಮತ್ತೆ ತಲೆಗೇರಿಸಿ ಮನೆಗೆ ನಡೆದಳು. ಖಾಜಣ್ಣ ಹಸಿ ಅಂದಮೇಲೆ ಹಸಿಯೇ. ಅವಳು ಬಿಸಿಲನ್ನು ಅನುಮಾನಿಸಿದಳೇ ಹೊರತು ಅವರ ಹಲ್ಲನ್ನಲ್ಲ. ಅಂಗಳದ ಬಿಸಿಲು ಸಾಲದೆಂದು ಕಾದ ಬಂಡೆಯ ಮೇಲೆ ಹರವಿ, ಎಂಟು ದಿನ ಬಿಟ್ಟು ತಂದಳು. ಅಂದೂ ಸರದಿಯಲ್ಲಿ ಅವಳದೇ ಮೂರನೆಯ ಚೀಲ. ಹಸಿ ಅನ್ನಿಸಿಕೊಂಡು ಮತ್ತೆ ಬಂಡೆಗೆ ಹೊತ್ತಳು.

ಮೂರನೆಯ ಸಲ ಬಂದಾಗ ಬೊಂಬಾಯಿಯ ಸಾಹೇಬರೊಬ್ಬರು ಮಳಿಗೆಯಲ್ಲಿದ್ದರು. ಮಾರುವವರಿಗೆ ಅನ್ಯಾಯವಾಗುತ್ತಿಲ್ಲವೆಂದು ವಿದೇಶದ ಕಚೇರಿಗೆ ಬರೆದು ಕಳಿಸುವುದು ಅವರ ಕೆಲಸ. ಪ್ರಶ್ನೋತ್ತರಗಳನ್ನು ವಿರೂಪಾಕ್ಷಪ್ಪನೇ ತರ್ಜುಮೆ ಮಾಡುತ್ತಿದ್ದ.

ಖಾಜಾಸಾಬರು ಅವಳ ಬೀಜ ಕಡಿದರು. ಸದ್ದಾಗಲಿಲ್ಲ. ಬಂಡೆಯ ಕಾವಿಗೆ ಬೆಂದು ಕಪ್ಪಾದ ತಿರುಳು ಪುಡಿಯಾಗಿ ಕಮಟು ಎಣ್ಣೆ ನಾಲಿಗೆಗೆಲ್ಲ ಹರಡಿತು.

"ಈಗಾದ್ರೂ ಒಣಗೈತಾ ಖಾಜಣ್ಣ?" ಎಂದಳು ರುದ್ರಾಣಿ.

ಅವಳೆದುರು ಉಗುಳಲಾಗಲಿಲ್ಲ. ಅದನ್ನು ನುಂಗಿಕೊಂಡೇ ಅವರು ಸಾಹೇಬರತ್ತ ತಿರುಗಿ ಉರ್ದುವಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ಇಬ್ಬರಿಗೂ ಬರುವ ಭಾಷೆಯೊಂದು ಇದ್ದೀತೆಂದು ವಿರೂಪಾಕ್ಷಪ್ಪನಿಗೆ ಹೊಳೆದೇ ಇರಲಿಲ್ಲ. ಸಾಹೇಬರು ತಲೆಯಾಡಿಸುತ್ತ ಬರೆದುಕೊಂಡರು. ಆಮೇಲೆ ಖಾಜಾಸಾಬರು ಅವಳಿಗೂ ಹೇಳಿದರು:

"ಮೊದಲ್ನೇ ದಿನಾನೇ ಒಣಗಿತ್ತು ತಂಗೀ. ಸುಳ್ಳು ಹೇಳ್ದೋನು ನಾನು."

ರುದ್ರಾಣಿ ಹಾಳಾದ ಬೀಜವನ್ನು ಅವರ ಕುರ್ಚಿಯ ಮುಂದೆ ಸುರಿದು, ಬರಿಚೀಲ ಕೊಡವಿಕೊಂಡು ಹೋದಳು.

ತಿಂಗಳೊಳಗೆ ಆದೇಶ ಬಂತು. ಬಾಯಿಂದ ಪರೀಕ್ಷಿಸುವುದು ಕೊಳಕು ಪದ್ಧತಿ, ನಂಬಲಾಗದ್ದು. ಇನ್ನು ಮುಂದೆ ತೇವ ಅಳೆಯುವ ಯಂತ್ರ. ಯಂತ್ರದ ಮುಳ್ಳು ತಿರುಗಿಸಲು ಕುಳಿತವನು ಅದೇ ವಿರೂಪಾಕ್ಷಪ್ಪ. ಅವನ ತಲೆಯ ಮೇಲೆ ಹೊಸ ಬೋರ್ಡು: "ಮಾರುವವರೇ ನಮ್ಮ ಬಂಧುಗಳು."

ಖಾಜಾಸಾಬರು ಮತ್ತೆ ಕಲಾಯಿಗೆ ಕುಳಿತರು. ಎಷ್ಟು ಬಾಯಿ ಮುಕ್ಕಳಿಸಿದರೂ ಆ ಕಮಟು ಹೋಗಲಿಲ್ಲ.

ಮರುವರ್ಷ ರುದ್ರಾಣಿ ಹೊನ್ನಾಳಿಯ ಎಣ್ಣೆ ವ್ಯಾಪಾರಿಯ ಲಾರಿಗೆ ಚೀಲ ಹೊತ್ತು ಅವರ ಅಂಗಡಿ ಮುಂದೆ ಹೊರಟಿದ್ದಳು. ಖಾಜಾಸಾಬರು ಮಸಿಗೈ ಒರೆಸಿಕೊಂಡು ಚಾಚಿದರು. ಅವಳು ಕ್ಷಣ ನಿಂತು ಒಂದು ಬೀಜ ಹಾಕಿದಳು. ಅವರು ಕಡಿದರೆ ಟಕ್ಕೆಂದಿತು.

"ಒಣಗೈತೆ, ತಂಗೀ."

"ಗೊತ್ತೈತೆ," ಎಂದಳು ರುದ್ರಾಣಿ. "ಮನೇಲೇ ನಾನು ಕಡಿದು ನೋಡ್ಕಂಡು ಬಂದೀನಿ."