ಬಾಯಿ ಬಿಡದವರ ಬುಧವಾರ

ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಗಾಜು ಸವೆಸುವ ಹೆಂಗಸಿಗೆ ಮುತ್ತಕ್ಕ ಎಂಬ ಹೆಸರನ್ನು ಅಪ್ಪ ಅಮ್ಮ ಇಟ್ಟದ್ದಲ್ಲ. "ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೇನಮ್ಮಾ?" ಎಂದು ಅಂಗಡಿಯ ಯಜಮಾನರು ಒಮ್ಮೆ ಕೇಳಿದ್ದರು. ಅದಕ್ಕೂ ಆಕೆ ಬಾಯಿ ಬಿಡಲಿಲ್ಲವಾದ್ದರಿಂದ ಹೆಸರು ಅಂಟಿಕೊಂಡಿತು.

ಅವಳ ಕೆಲಸ ಮಾತು ಬೇಡದ ಕೆಲಸ. ತಿರುಗುವ ಕಲ್ಲಿಗೆ ಗಾಜಿನ ಅಂಚು ಹಿಡಿದು, ಮೇಲೆ ನೀರು ತೊಟ್ಟಿಕ್ಕುತ್ತಿರುವಾಗಲೇ ಫ್ರೇಮಿನ ಆಕಾರಕ್ಕೆ ತರಬೇಕು. ಕೂದಲೆಳೆಯಷ್ಟು ಹೆಚ್ಚಾದರೆ ಗಾಜು ಫ್ರೇಮಿನಲ್ಲಿ ಕೂರದು, ಕಡಿಮೆಯಾದರೆ ಗಿರಾಕಿ ಬಗ್ಗಿದಾಗ ಊಟದ ತಟ್ಟೆಗೆ ಬೀಳುತ್ತದೆ. ಮನೆಯಲ್ಲಿ ಗಂಡ ಬಸ್ ಕಂಡಕ್ಟರ್. ಹಗಲೆಲ್ಲ ಬಸ್ಸಿನಲ್ಲಿ ಮಾತಾಡಿ, ಉಳಿದದ್ದನ್ನು ಮನೆಗೆ ತಂದು ಮಾತಾಡುವ ಮನುಷ್ಯ. ಅವರಿಗೆ ಬೇಕಾದದ್ದು ಆಗಾಗ ಒಂದು "ಹೂಂ". ಅದರಲ್ಲಿ ಮುತ್ತಕ್ಕ ಎಂದೂ ಜಿಪುಣತನ ಮಾಡಿದವಳಲ್ಲ. ಸಂಸಾರ ಸುಖವಾಗಿಯೇ ಸಾಗುತ್ತಿತ್ತು.

ಕೌಂಟರಿನಲ್ಲಿ ಕೂರುತ್ತಿದ್ದ ಹುಡುಗಿ ಕೆಲಸ ಬಿಟ್ಟಳು. ಅಲ್ಲಿಂದ ತಕರಾರು ಶುರುವಾಯಿತು.

"ಮುತ್ತಕ್ಕ, ಇನ್ಮೇಲೆ ನೀವೇ ಮುಂದೆ ಕೂತ್ಕೊಳಿ. ಗಾಜಿನ ಕೆಲಸ ಹೊರಗಡೆ ಮಷೀನಿನವರಿಗೆ ಕೊಟ್ಟುಬಿಡ್ತೀನಿ" ಎಂದರು ಯಜಮಾನರು. ಮುತ್ತಕ್ಕನ ಮುಖ ಬಿಳಿಚಿಕೊಂಡಿತು. ಅದನ್ನು ಅವರು ಕಾಯಿಲೆಯೆಂದು ತಿಳಿದರು. "ಗಾಬರಿಯಾಗ್ಬೇಡಿ, ನಿಮ್ಮಂಥ ಅಂತರ್ಮುಖಿಗಳಿಗೇ ಅಂತ ಒಬ್ಬರು ಮೇಡಂ ಗುಂಪು ಚಿಕಿತ್ಸೆ ನಡೆಸ್ತಾರೆ. ಪ್ರತಿ ಬುಧವಾರ ಸಂಜೆ. ಬಾಯಿ ಬಿಡೋದು ಕಲ್ತುಕೊಂಡು ಬನ್ನಿ, ಆಮೇಲೆ ಕೌಂಟರ್ ನಿಮ್ದೇ."

ಆಗಲ್ಲ ಅನ್ನುವುದಕ್ಕೂ ಬಾಯಿ ಬೇಕಲ್ಲ. ಮುತ್ತಕ್ಕ ಚಿಕಿತ್ಸೆಗೆ ಹೋದಳು.

ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ದುಂಡಗೆ ಹಾಕಿದ ಕುರ್ಚಿಗಳು. ನಿವೃತ್ತ ಟೈಪಿಸ್ಟ್ ಒಬ್ಬರು, ಲಿಫ್ಟ್ ರಿಪೇರಿಯವನೊಬ್ಬ, ಗಣಿತದ ಮೇಷ್ಟ್ರು, ಇನ್ನೂ ಕೆಲವರು, ಎಲ್ಲರೂ ಬಾಗಿಲಿಗೆ ಹತ್ತಿರದ ಕುರ್ಚಿಯ ಮೇಲೇ ಕಣ್ಣಿಟ್ಟಿದ್ದರು. ಮೇಡಂ ಒಳ್ಳೆಯವರು, ಆದರೆ ಅವರ ಕೈಯಲ್ಲೊಂದು ಹಳದಿ ಚೆಂಡು. ಅದು ಯಾರ ಕೈಗೆ ಬರುತ್ತದೋ ಅವರು ತಮ್ಮ ಮನಸ್ಸಿನ ಒಂದು ಭಾವನೆಯನ್ನು ಗುಂಪಿಗೆ ಹೇಳಬೇಕು. ಲಿಫ್ಟಿನವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಚೆಂಡು ಅವನ ಎದೆಗೆ ತಾಗಿ ಬಿತ್ತು. ಮೇಷ್ಟ್ರು ಹಿಡಿದು "ನನ್ನ ಭಾವನೆ... ಸಾಮಾನ್ಯವಾಗಿದೆ" ಎಂದು, ಬಿಸಿ ಆಲೂಗಡ್ಡೆಯಂತೆ ಟೈಪಿಸ್ಟರ ಮಡಿಲಿಗೆ ಎಸೆದರು. ಟೈಪಿಸ್ಟ್ ಅದನ್ನು ಕೈಚೀಲಕ್ಕೆ ಹಾಕಿಕೊಂಡು ಬಿಟ್ಟರು. ಮೇಡಂ ವಾಪಸು ಕೇಳುವಾಗ ಅವರ ನಗು ಸ್ವಲ್ಪ ಸೊರಗಿತ್ತು.

ಮೂರನೆಯ ವಾರ ಮೇಡಂ ಮುತ್ತಕ್ಕನಿಗೆ ಫೋನ್ ಮಾಡಿದರು. "ನಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ನಾನು ಊರಲ್ಲಿರಲ್ಲ. ಎಲ್ಲರ ನಂಬರೂ ಕಳಿಸಿದೀನಿ. ಕ್ಲಾಸ್ ಇಲ್ಲ ಅಂತ ನೀವೇ ಒಂದೊಂದು ಫೋನ್ ಮಾಡಿ ಹೇಳ್ಬಿಡಿ. ಇದೂ ಒಂಥರಾ ಅಭ್ಯಾಸ ಅಂದ್ಕೊಳಿ!"

"ಹೂಂ" ಎಂದಳು ಮುತ್ತಕ್ಕ. ಆಮೇಲೆ ಫೋನನ್ನು ಕೈಯಲ್ಲಿ ಹಿಡಿದು ಕೂತಳು, ಅದನ್ನು ಒರೆಸಿದಳು, ತಲೆದಿಂಬಿನ ಕೆಳಗಿಟ್ಟಳು. ಗೊತ್ತಿಲ್ಲದವರಿಗೆ ಫೋನ್ ಮಾಡಿ, ಹಲೋ ಎಂದು, ತಾನು ಯಾರೆಂದು ಹೇಳಿ, ಅವರು "ಯಾರು?" ಎಂದಾಗ ಮತ್ತೆ ಹೇಳಿ! ಅದರ ಬದಲು ಕ್ಲಾಸು ನಡೆಸುವುದೇ ಸುಲಭ ಎನ್ನಿಸಿತು. ಬುಧವಾರ ಸಂಜೆ ಆಕೆ ಗ್ರಂಥಾಲಯಕ್ಕೆ ಹೋಗಿ, ಕಾವಲುಗಾರನ ಮುಂದೆ ಕೈ ಚಾಚಿ ಬೀಗದ ಕೈ ಈಸಿಕೊಂಡು, ಕೋಣೆ ತೆರೆದು ದೀಪ ಹಾಕಿದಳು.

ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಮೇಡಂ ಎಲ್ಲಿ ಎಂದು ಒಬ್ಬರಾದರೂ ಕೇಳಬೇಕಲ್ಲ? ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಲಿಫ್ಟಿನವನು ಎದ್ದು ತನ್ನ ಕುರ್ಚಿಯನ್ನು ದುಂಡಿನಿಂದ ಎಳೆದು ಕಿಟಕಿಯ ಕಡೆ ತಿರುಗಿಸಿಕೊಂಡ. ಮೇಷ್ಟ್ರು ಗೋಡೆಯ ಕಡೆ ತಿರುಗಿದರು. ಟೈಪಿಸ್ಟ್ ಚೀಲದಿಂದ ಹೆಣಿಗೆ ತೆಗೆದರು. ಮುತ್ತಕ್ಕ ಒಂದು ಸಡಿಲ ಫ್ರೇಮು, ಸಣ್ಣ ಸ್ಕ್ರೂಡ್ರೈವರು ಹೊರತೆಗೆದಳು. ಯಾರೂ ಯಾರನ್ನೂ ಏನೂ ಕೇಳಲಿಲ್ಲ, ಆದರೂ ಯಾರೂ ಒಬ್ಬಂಟಿಯಾಗಿರಲಿಲ್ಲ. ಹೊರಡುವಾಗ ಟೈಪಿಸ್ಟ್ ಮೆಲ್ಲಗೆ, "ಮುಂದಿನ ವಾರ?" ಎಂದರು. ಎಲ್ಲರ ತಲೆಯೂ ಅಲ್ಲಾಡಿತು.

ಹೀಗೆ ಬುಧವಾರಗಳು ನಡೆದವು. ರಜೆ ಬೆಳೆದಂತೆಲ್ಲ ಮೇಡಂ ಫೋನ್ ಮಾಡಿ "ಎಲ್ಲರಿಗೂ ಹೇಳಿದ್ರಾ?" ಎನ್ನುವರು, ಮುತ್ತಕ್ಕ "ಹೂಂ" ಎನ್ನುವಳು.

ಕೊನೆಗೊಂದು ಬುಧವಾರ ಬಾಗಿಲು ತಳ್ಳಿಕೊಂಡು ಮೇಡಂ ನಿಂತಿದ್ದರು. ಗುಂಪು ಚಿಕಿತ್ಸೆಯ ಗುಂಪು ಅವರಿಗೆ ಬೆನ್ನು ಹಾಕಿ ಕೂತಿತ್ತು.

"ಇದೇನು ನಡೀತಿದೆ ಇಲ್ಲಿ?"

"ಮೇಡಂ, ಸ್ವಲ್ಪ ಮೆತ್ತಗೆ" ಎಂದ ಲಿಫ್ಟಿನವನು. ಅವನ ದನಿಯನ್ನು ಅವರು ಕೇಳಿದ್ದು ಅದೇ ಮೊದಲು.

ಮೇಡಂ ಮುತ್ತಕ್ಕನ ಎದುರು ಬಂದು ಕೂತರು. "ಕ್ಲಾಸ್ ಇಲ್ಲ ಅಂತ ಹೇಳೋಕೆ ಹೇಳಿದ್ದೆ ನಿಮಗೆ."

"ಫೋನ್ ಮಾಡೋಕಾಗ್ಲಿಲ್ಲ. ಬಂದು ಬಾಗಿಲು ತೆಗೆದೆ."

ಮೇಡಂಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಾಳೆ ನಿಮ್ಮ ಅಂಗಡಿ ಯಜಮಾನ್ರು ಕೇಳ್ತಾರೆ. ಏನು ಹೇಳ್ಲಿ? ವಾಸಿಯಾಗಿಲ್ಲ ಅಂತ್ಲಾ?"

ಹೆಣಿಗೆಯಿಂದ ತಲೆ ಎತ್ತದೆಯೇ ಟೈಪಿಸ್ಟ್, "ಕಾಯಿಲೆ ಇದ್ರೆ ತಾನೇ ವಾಸಿಯಾಗೋಕೆ?" ಎಂದರು. ಮೇಷ್ಟ್ರು ಗೋಡೆಗೇ "ಹೌದು" ಎಂದರು.

ಮುತ್ತಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ನನಗೆ ಮಾತು ಬರುತ್ತೆ ಮೇಡಂ. ಮುಂದೆ ಕೂರೋಕೆ ಇಷ್ಟ ಇಲ್ಲ. ಅದೇ ಬೇರೆ, ಇದೇ ಬೇರೆ."

"ಇದನ್ನ ನೀವು ನನಗಲ್ಲ, ಅವರಿಗೆ ಹೇಳ್ಬೇಕು."

"ಹೇಳ್ತೀನಿ. ಆದ್ರೆ ಬುಧವಾರ ಬಿಡಲ್ಲ."

ಮೇಡಂ ತಮ್ಮ ಕುರ್ಚಿಯನ್ನೂ ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿಕೊಂಡರು. ಆಸ್ಪತ್ರೆಯಲ್ಲಿ ಕಳೆದ ದಿನಗಳ ಬಗ್ಗೆ ಅವರನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಅವರಿಗೆ ಅಂದು ಬೇಕಾಗಿದ್ದದ್ದೂ ಬಹುಶಃ ಅದೇ.

ಮರುದಿನ ಬೆಳಿಗ್ಗೆ ಯಜಮಾನರು ಕೌಂಟರಿನ ಸ್ಟೂಲನ್ನು ಕೈಯಾರೆ ಒರೆಸಿ ಇಟ್ಟಿದ್ದರು.

"ಬನ್ನಿ ಬನ್ನಿ! ಮೇಡಂ ಫೋನ್ ಮಾಡಿದ್ರು. ನೀವೇ ಏನೋ ಹೇಳ್ತೀರಂತಲ್ಲ?"

"ನಾನು ಮುಂದೆ ಕೂರಲ್ಲ."

"ಯಾಕಂತೆ?"

"ಇಷ್ಟ ಇಲ್ಲ."

"ಇಷ್ಟು ವಾರ ಚಿಕಿತ್ಸೆ ತಗೊಂಡು ಕಲ್ತಿದ್ದು ಇದಾ?"

"ಹೂಂ."

ಯಜಮಾನರ ಕಿವಿ ಕೆಂಪಗಾಯಿತು. "ಹಾಗಾದ್ರೆ ಗಾಜೆಲ್ಲ ಹೊರಗಡೆ ಕಳಿಸ್ತೀನಿ. ಒಳಗೆ ಕೂತು ಏನು ಮಾಡ್ತೀರೋ ನೋಡ್ತೀನಿ!"

"ಕಳಿಸಿ. ಪಕ್ಕದ ಬೀದಿ ಅಂಗಡಿಯವರಿಗೂ ಗಾಜು ಸವೆಸೋರು ಬೇಕಂತೆ. ನಾನೂ ಹೊರಗಡೆ ಹೋಗ್ತೀನಿ."

ಕೆಲಸಕ್ಕೆ ಸೇರಿದಾಗಿನಿಂದ ಅಷ್ಟುದ್ದ ಮಾತನ್ನು ಆ ಅಂಗಡಿಯಲ್ಲಿ ಆಕೆ ಆಡಿರಲಿಲ್ಲ. ಯಜಮಾನರು ಉತ್ತರಕ್ಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಗಿರಾಕಿಯೊಬ್ಬರು ಮುರಿದ ಕನ್ನಡಕ ಹಿಡಿದು ಒಳಗೆ ಬಂದರು. ಯಜಮಾನರು ಮುತ್ತಕ್ಕನನ್ನು ನೋಡಿದರು. ಆಕೆ ಅವರನ್ನು ನೋಡಿದಳು. ಗಿರಾಕಿ ಇಬ್ಬರನ್ನೂ ನೋಡಿದರು. ಮುತ್ತಕ್ಕ ಗಿರಾಕಿಯ ಕೈಯಿಂದ ಕನ್ನಡಕ ಈಸಿಕೊಂಡು ಪರದೆ ಸರಿಸಿ ಒಳಗೆ ಹೋದಳು.

"ಇವರು ಮಾತಾಡಲ್ವಾ ಸಾರ್?" ಎಂದರು ಗಿರಾಕಿ.

"ಮಾತಾಡ್ತಾರೆ, ಈಗಷ್ಟೇ ಕೇಳಿಸ್ಕೊಂಡೆ" ಎಂದು ಯಜಮಾನರು ನಿಟ್ಟುಸಿರು ಬಿಟ್ಟು, ತಾವು ಒರೆಸಿಟ್ಟ ಸ್ಟೂಲಿನ ಮೇಲೆ ತಾವೇ ಕೂತರು.