ಗೋದಾಮಿನ ಹಿಂದಿನ ದಾರಿಯೂ ಗುಮಾಸ್ತ ಸೆವರಿನರೂ

1961ರ ಒಂದು ದಿನ, ಬೆಳಗ್ಗೆ ಐದೂವರೆ. ಉಳ್ಳಾಲದ ಕಡವಿನಲ್ಲಿ ಸೆವರಿನ್ ಪಾಯ್ಸ್ ವಯಸ್ಸಾದ ಒಬ್ಬರನ್ನು ಕೈಹಿಡಿದು ದೋಣಿಗೆ ಹತ್ತಿಸುತ್ತಿದ್ದಾರೆ. ಕಂಕುಳಲ್ಲಿ ಕೆಂಪು ಬಟ್ಟೆ ಸುತ್ತಿದ ಕೇಸಿನ ಕಡತದ ಕಟ್ಟು. ಮಂಗಳೂರಿನ ಕೋರ್ಟು ಶುರುವಾಗುವುದು ಹನ್ನೊಂದಕ್ಕೆ! "ಸಾಕ್ಷಿಗೆ ಸಮನ್ಸ್ ಹೋದರೆ ಸಾಲದು ಮಾರಾಯ್ರೆ, ನಾವೇ ಹೋಗಿ ಕರ್ಕೊಂಡು ಬರ್ಬೇಕು," ಎನ್ನುತ್ತಾರೆ.

ಸೆವರಿನ್ ಮೂವತ್ತೊಂದು ವರ್ಷದಿಂದ ವಕೀಲರ ಗುಮಾಸ್ತರು. ನಕಲು ತೆಗೆಸುವುದು, ವಾಯಿದೆಯ ತಾರೀಖು ನೆನಪಿಡುವುದು, ಸಾಕ್ಷಿ ಹುಡುಕುವುದು ಎಲ್ಲ ಇವರದೇ. ದಿನಕ್ಕೆ ಏಳೆಂಟು ಕೇಸು, ಕೋರ್ಟಿನ ಮೆಟ್ಟಿಲು ಇಪ್ಪತ್ತು ಸಲ. ಕರಿಕೋಟಿನವರು ಮಾತಾಡಿ ಹೆಸರು ಮಾಡುತ್ತಾರೆ. ಆ ಮಾತಿಗೆ ಆಧಾರ ಒದಗಿಸಿದವರನ್ನು ಕೇಳುವವರಿಲ್ಲ.

ಇವತ್ತಿನ ದಾವೆ ಬಂದರ್‌ನ ಗ್ಲ್ಯಾಡಿಸ್ ಅವರದು. ಮನೆಯಿಂದ ರಸ್ತೆಗೆ ಬರುವ ದಾರಿಗೆ ಪಕ್ಕದ ಗೋದಾಮಿನ ಯಜಮಾನ ಗೋಡೆ ಎಬ್ಬಿಸಿದ್ದಾನೆ. ಮನೆಯವರು ಹಿತ್ತಲ ಪಾಗಾರದ ಗೋಡೆ ಹತ್ತಿಳಿದು ಓಡಾಡುತ್ತಾರೆ. ನಡೆಯಲಾಗದ ತಾಯಿ ಎಸ್ತೆರ್ ಅವರನ್ನು ಕುರ್ಚಿಯಲ್ಲಿ ಹೊತ್ತು ಇಗರ್ಜಿಗೆ ಒಯ್ಯುವುದು ನಿಂತು ಎರಡು ವರ್ಷವಾಯಿತು. ಅದು ಈಚೆಗೆ ತಾನು ಬಿಟ್ಟುಕೊಟ್ಟ ದಾರಿ ಎಂದು ಯಜಮಾನನ ವಾದ. ಇಪ್ಪತ್ತು ವರ್ಷ ತಡೆಯಿಲ್ಲದೆ ನಡೆದದ್ದೆಂದು ತೋರಿಸದಿದ್ದರೆ ಕೇಸು ಬಿದ್ದಂತೆಯೇ.

ಅದಕ್ಕೆ ಕಾಗದದ ಆಧಾರ ಒಂದೂ ಇಲ್ಲ. ವಕೀಲರೇ ಕೈಚೆಲ್ಲಿದಾಗ ಸೆವರಿನ್, ಗ್ಲ್ಯಾಡಿಸ್ ಅವರ ಮನೆಯ ಗೋಡೆಯಿಂದ ಒಂದು ಫೋಟೊ ಇಳಿಸಿಕೊಂಡರು. 1933ರಲ್ಲಿ ಗ್ಲ್ಯಾಡಿಸ್ ಅವರ ತಂದೆ ತೀರಿಕೊಂಡಾಗ ತೆಗೆಸಿದ್ದು. ಗೋದಾಮಿನ ಬದಿಯಂತೆ ಕಾಣುವ ಕಡೆ ನಾಲ್ವರು ಶವಪೆಟ್ಟಿಗೆ ಹೊತ್ತು ನಿಂತಿದ್ದಾರೆ. ಭೂತಗನ್ನಡಿ ಹಿಡಿದರೆ, ಅರೆ, ಒಬ್ಬನ ಕೈಗೆ ಕರವಸ್ತ್ರ ಸುತ್ತಿದೆ! ಯಾರವನು? ಒಂದು ತಿಂಗಳು ಊರೆಲ್ಲ ವಿಚಾರಿಸಿದ ಮೇಲೆ ಉಳ್ಳಾಲದ ಪಿಯುಸ್ ಸಿಕ್ಕಿದರು. ದೋಣಿ ಹತ್ತಿದವರು ಅವರೇ.

ಕೋರ್ಟಿನಲ್ಲಿ ಎದುರು ವಕೀಲರು ಗುಡುಗುತ್ತಾರೆ. "ಇಪ್ಪತ್ತೆಂಟು ವರ್ಷ ಹಿಂದೆ ಯಾವ ದಾರಿಯಲ್ಲಿ ಹೋದದ್ದೆಂದು ಹೇಗೆ ನೆನಪು?"

ಪಿಯುಸ್ ಎಡಗೈ ಎತ್ತುತ್ತಾರೆ. "ಆ ಗೋದಾಮಿನ ಮೂಲೆಯಲ್ಲಿ ತಿರುಗುವಾಗ ಪೆಟ್ಟಿಗೆಗೂ ಗೋಡೆಗೂ ನಡುವೆ ಬೆರಳು ಸಿಕ್ಕಿ ಉಗುರು ಹೋಯ್ತು ಸ್ವಾಮಿ, ಕರವಸ್ತ್ರ ಸುತ್ತಿಯೇ ಹೊತ್ತದ್ದು. ನೋಡಿ, ಮತ್ತೆ ಬರ್ಲೇ ಇಲ್ಲ."

ಮುನ್ಸೀಫರು ಬಾಗಿ ಬೆರಳು ನೋಡುತ್ತಾರೆ, ಫೋಟೊ ನೋಡುತ್ತಾರೆ, ಮತ್ತೆ ಬೆರಳು ನೋಡುತ್ತಾರೆ. ಬಾಗಿಲ ಬಳಿ ನಿಂತ ಸೆವರಿನ್ ಕೆಂಪು ಕಟ್ಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಳ್ಳುತ್ತಾರೆ.

ಮೂರು ವಾರ ಕಳೆದು ಸೋಮವಾರ ತೀರ್ಪು ಬಂತು: ಗೋಡೆ ಕೆಡವಬೇಕು! ಒಂಬತ್ತು ಪುಟದಲ್ಲಿ ವಕೀಲರಿಬ್ಬರ ಹೆಸರಿದೆ, ಪಿಯುಸರ ಬೆರಳೂ ಇದೆ. ಸೆವರಿನರ ಹೆಸರಿಲ್ಲ. ಬೇಜಾರಿಲ್ಲವೇ ಎಂದರೆ ನಗುತ್ತಾರೆ.

"ನನ್ನ ಹೆಸರು ಎಂತಕ್ಕೆ? ಎಸ್ತೆರ್ ಬಾಯಿಯ ಕುರ್ಚಿ ಆ ದಾರಿಯಲ್ಲಿ ಹೊರಗೆ ಬರುವಾಗ ಒಂದು ಕಾಲು ನಾನು ಹಿಡೀಬೇಕು. ಅಷ್ಟು ಆಸೆ ಉಂಟು."